ಕಡಿಮೆ ರೇಟು ಒಂದೇ ಸಾಕಾ? ಇಂಗ್ಲೆಂಡಿನ ಕೌನ್ಸಿಲ್‌ಗಳ 130 ವರ್ಷದ ಜಗ್ಗಾಟ

ಇಂಗ್ಲೆಂಡಿನ ಅನೇಕ ಸ್ಥಳೀಯ ಕೌನ್ಸಿಲ್‌ಗಳಲ್ಲಿ ಈಗ ಟೆಂಡರ್ ಹಾಕುವ ಕಂಪನಿ ಬರೀ ರೇಟು ಹೇಳಿದರೆ ಸಾಲದು. ಊರಿನ ಎಷ್ಟು ಜನಕ್ಕೆ ಕೆಲಸ ಕೊಡ್ತೀರಿ, ಎಷ್ಟು ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಳ್ತೀರಿ, ಹೊಗೆ ಎಷ್ಟು ತಗ್ಗಿಸ್ತೀರಿ ಎಂದೂ ಬರೆದುಕೊಡಬೇಕು. ಅದಕ್ಕೆ ಅಂಕ ಉಂಟು. ಮ್ಯಾಂಚೆಸ್ಟರ್ ಕೌನ್ಸಿಲ್ 100ಕ್ಕೆ 30 ಅಂಕ ಇದಕ್ಕೇ ಇಟ್ಟಿತು, ಅದರಲ್ಲಿ 10 ಪರಿಸರಕ್ಕೆ. ಇದನ್ನೇ 'ಸಾಮಾಜಿಕ ಮೌಲ್ಯ' ಎನ್ನುತ್ತಾರೆ. ಇದು 2012ರ ಕಾನೂನಿನಿಂದ ಶುರುವಾಯಿತು ಎಂಬುದು ರೂಢಿಯ ಮಾತು. ನನಗೆ ಹಾಗನ್ನಿಸುವುದಿಲ್ಲ. ಕೌನ್ಸಿಲ್‌ಗಳಿಂದ ಹಿಂದೆ ಕಿತ್ತುಕೊಂಡಿದ್ದನ್ನು ಆ ಕಾನೂನು ಅರ್ಧಂಬರ್ಧ ವಾಪಸ್ ಕೊಟ್ಟಿತು, ಅಷ್ಟೇ.

1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಹುಟ್ಟಿತು. ನ್ಯಾಯವಾದ ಕೂಲಿ ಕೊಡುವವರಿಗೆ ಮಾತ್ರ ಗುತ್ತಿಗೆ ಎಂಬ ಷರತ್ತು ಅಲ್ಲಿಗೆ ಬರಲು ತಡವಾಗಲಿಲ್ಲ. 1891ರಲ್ಲಿ ಸಂಸತ್ತಿನ ಕೆಳಮನೆಯೇ ಸರ್ಕಾರಿ ಗುತ್ತಿಗೆಗಳಿಗೆ ಇಂಥ ನಿರ್ಣಯ ಮಾಡಿತು. ಕೂಲಿ ಕತ್ತರಿಸಿ ರೇಟು ಇಳಿಸಿದವನಿಗೆ ಕೆಲಸ ಸಿಗಬಾರದು ಅನ್ನೋದು ಅದರ ಲೆಕ್ಕ. 1946ರಲ್ಲಿ ನಿರ್ಣಯವನ್ನು ಹೊಸದಾಗಿ ಬರೆದರು. 1983ರಲ್ಲಿ ಥ್ಯಾಚರ್ ಸರ್ಕಾರ ಅದನ್ನು ರದ್ದು ಮಾಡಿತು.

ಅದೇ ದಶಕದಲ್ಲಿ ಎಡಪಕ್ಷದ ಹಿಡಿತದಲ್ಲಿದ್ದ ಕೆಲವು ಕೌನ್ಸಿಲ್‌ಗಳು ಖರೀದಿಯನ್ನು ರಾಜಕೀಯಕ್ಕೂ ಬಳಸತೊಡಗಿದವು. ಲಂಡನ್ನಿನ ಲೂಯಿಷಮ್ ಕೌನ್ಸಿಲ್, ದಕ್ಷಿಣ ಆಫ್ರಿಕಾದ ವರ್ಣಭೇದ ಆಡಳಿತದ ಜೊತೆ ವ್ಯವಹಾರ ಇದ್ದದ್ದಕ್ಕೆ ಶೆಲ್ ಕಂಪನಿಯ ಸರಕು ಕೊಳ್ಳುವುದನ್ನು ನಿಲ್ಲಿಸಿತು. ಕಂಪನಿ ಕೋರ್ಟಿಗೆ ಹೋಯಿತು, ಗೆದ್ದಿತು.

ಆಮೇಲೆ ಬಂದದ್ದು 1988ರ ಸ್ಥಳೀಯ ಸರ್ಕಾರ ಕಾಯ್ದೆ. ಕಸ ಎತ್ತುವುದು, ಬೀದಿ ಗುಡಿಸುವುದು, ಶಾಲೆಯ ಅಡುಗೆ, ಇವನ್ನೆಲ್ಲ ಕಡ್ಡಾಯವಾಗಿ ಟೆಂಡರಿಗೆ ಬಿಡಬೇಕಾಯಿತು. ಅದರ 17ನೇ ಕಲಂ ಇನ್ನೂ ಬಿಗಿ. ಗುತ್ತಿಗೆದಾರ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾನೆ, ಸಾಮಾನು ಎಲ್ಲಿಂದ ತರುತ್ತಾನೆ, ಕಂಪನಿ ಎಲ್ಲಿದೆ, ಇವೆಲ್ಲ 'ವ್ಯಾಪಾರಕ್ಕೆ ಸಂಬಂಧವಿಲ್ಲದ ಸಂಗತಿ', ಗುತ್ತಿಗೆ ಕೊಡುವಾಗ ಇದ್ಯಾವುದನ್ನೂ ನೋಡುವ ಹಾಗಿರಲಿಲ್ಲ. ನೂರು ವರ್ಷ ಮೊದಲು ಲಂಡನ್ ಕೇಳುತ್ತಿದ್ದ ಪ್ರಶ್ನೆಯೇ ಕಾನೂನುಬಾಹಿರವಾಯಿತು.

1999ರಲ್ಲಿ ಲೇಬರ್ ಸರ್ಕಾರ ಕಡ್ಡಾಯ ಟೆಂಡರಿಗೆ ಕೊನೆ ಹಾಡಿತು. ಅದರ ಜಾಗಕ್ಕೆ ಬಂದ 'ಬೆಸ್ಟ್ ವ್ಯಾಲ್ಯೂ' ನಿಯಮ ರೇಟಿನ ಜೊತೆ ಗುಣಮಟ್ಟವನ್ನೂ ನೋಡಿ ಅಂದಿತು. ಇದರಿಂದ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು.

2012ರ ಸಾಮಾಜಿಕ ಮೌಲ್ಯ ಕಾಯ್ದೆಯನ್ನು ಖಾಸಗಿ ಮಸೂದೆಯಾಗಿ ತಂದವರು ಕನ್ಸರ್ವೇಟಿವ್ ಸಂಸದ ಕ್ರಿಸ್ ವೈಟ್. ಥ್ಯಾಚರ್ ಪಕ್ಷದವರೇ! 2013ರ ಜನವರಿ 31ರಿಂದ ಜಾರಿ. ಆದರೆ ಕಾಯ್ದೆ ಹೇಳಿದ್ದು 'ಪರಿಗಣಿಸಿ' ಎಂದಷ್ಟೇ. ಅದೂ ದೊಡ್ಡ ಸೇವಾ ಗುತ್ತಿಗೆಗಳಿಗೆ, ಟೆಂಡರ್ ಕರೆಯುವ ಮೊದಲು. ಪರಿಗಣಿಸಿದೆವು, ಬೇಡ ಅನ್ನಿಸಿತು ಎಂದು ಫೈಲಿನಲ್ಲಿ ಬರೆದರೂ ನಡೆಯುತ್ತದೆ, ಅಲ್ವಾ?

ಕಾನೂನಿಗಿಂತ ಜಾಸ್ತಿ ಕಲಿಸಿದ್ದು ಉತ್ತರ ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರು. 2011ರಲ್ಲಿ ಅಲ್ಲಿನ 70 ಕೋಟಿ ಪೌಂಡಿನ ಶಾಪಿಂಗ್ ಸೆಂಟರ್ ಯೋಜನೆ ಬಿದ್ದುಹೋಯಿತು. ಹೊರಗಿನ ಬಂಡವಾಳಕ್ಕೆ ಕಾಯುವುದು ಸಾಕು ಎಂದು ಕೌನ್ಸಿಲರ್ ಮ್ಯಾಥ್ಯೂ ಬ್ರೌನ್ ಮತ್ತು ಸಂಗಡಿಗರು ಊರಿನ ದೊಡ್ಡ ಸಂಸ್ಥೆಗಳ ಖರೀದಿ ಲೆಕ್ಕ ಬಿಚ್ಚಿ ಕೂತರು. 2012-13ರಲ್ಲಿ ಆ ಸಂಸ್ಥೆಗಳ ದುಡ್ಡಿನಲ್ಲಿ ಶೇ 5ರಷ್ಟು ಮಾತ್ರ ಪ್ರೆಸ್ಟನ್‌ನಲ್ಲಿ ಉಳಿಯುತ್ತಿತ್ತು. 2016-17ರ ಹೊತ್ತಿಗೆ ಅದು ಶೇ 18 ದಾಟಿತು.

ಹೇಗೆ? 'ನಮ್ಮೂರಿನವರಿಗೇ ಕೊಡ್ತೀವಿ' ಎಂದು ಬರೆಯುವಂತಿರಲಿಲ್ಲ, 17ನೇ ಕಲಂ ಬಿಡುತ್ತಿರಲಿಲ್ಲ. ಹಾಗಾಗಿ ಗುತ್ತಿಗೆಯ ಗಾತ್ರಕ್ಕೇ ಕೈ ಹಾಕಿದರು. ಪ್ರೆಸ್ಟನ್ ಇರುವ ಲ್ಯಾಂಕಶೈರ್ ಕೌಂಟಿಯ ಕೌನ್ಸಿಲ್ ತನ್ನ ಶಾಲಾ ಊಟದ ಗುತ್ತಿಗೆಯನ್ನು ತುಂಡು ಮಾಡಿತು. ಮೊಸರಿಗೆ ಒಂದು, ಮೊಟ್ಟೆಗೆ ಒಂದು, ಚೀಸ್‌ಗೆ ಒಂದು, ಹಾಲಿಗೆ ಒಂದು. ಇಡೀ ಕೌಂಟಿಗೆ ಊಟದ ಸಾಮಾನೆಲ್ಲ ಒದಗಿಸಲು ಹಾಲಿನ ವ್ಯಾಪಾರಿಯಿಂದ ಆಗುವುದಿಲ್ಲ, ಹಾಲು ಒದಗಿಸಲು ಆಗುತ್ತದೆ. ಟೆಂಡರ್ ಎಲ್ಲರಿಗೂ ತೆರೆದೇ ಇತ್ತು, ಗೆದ್ದವರು ಸ್ಥಳೀಯರು. ಅಂಕಪಟ್ಟಿಯ ದೊಡ್ಡ ಮಾತುಗಳಿಗಿಂತ ಈ ಕತ್ತರಿ ಕೆಲಸ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಅಂಕಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. 2017ರಲ್ಲಿ ಬಂದ 'ಟಾಮ್ಸ್' ಎಂಬ ಅಳತೆ ಪ್ರತಿ ಭರವಸೆಗೂ ಪೌಂಡಿನಲ್ಲಿ ಬೆಲೆ ಕಟ್ಟುತ್ತದೆ. ಅಪ್ರೆಂಟಿಸ್ ಒಬ್ಬ ದುಡಿದ ವಾರಕ್ಕೆ ಇಷ್ಟು, ಸ್ವಯಂಸೇವೆಯ ಗಂಟೆಗೆ ಇಷ್ಟು. ಕೂಡಿಸಿದರೆ ಲಕ್ಷಗಟ್ಟಲೆ ಆಗುತ್ತದೆ. ಆದರೆ ಅದು ಯಾರ ಖಾತೆಗೂ ಬರುವ ದುಡ್ಡಲ್ಲ. ಹೇಗೂ ತೆಗೆದುಕೊಳ್ಳಲಿದ್ದ ಅಪ್ರೆಂಟಿಸನ್ನೇ ಕಂಪನಿ ಇಲ್ಲೂ ಎಣಿಸಬಹುದು. ಭರವಸೆ ಬರೆಯಲು ಪಳಗಿದ ಸಿಬ್ಬಂದಿ ದೊಡ್ಡ ಕಂಪನಿಗಳಲ್ಲೇ ಇರುತ್ತಾರೆ. ಸಣ್ಣವರಿಗೆ ದಾರಿ ಮಾಡಲು ಹೊರಟ ನಿಯಮವೇ ಅವರಿಗೆ ಅಡ್ಡ ಬರುತ್ತದೆ.

2025ರ ಫೆಬ್ರವರಿ 24ರಂದು ಹೊಸ ಖರೀದಿ ಕಾಯ್ದೆ ಜಾರಿಗೆ ಬಂತು. ಅದರಲ್ಲಿ 'ಸಾರ್ವಜನಿಕ ಲಾಭ' ನೇರವಾಗಿಯೇ ಒಂದು ಗುರಿ. 17ನೇ ಕಲಮಿನ ಬಿಗಿ ಸಡಿಲಿಸುವ ಅಧಿಕಾರ ಮಂತ್ರಿಗಳಿಗೆ ಸಿಕ್ಕಿತು. 50 ಲಕ್ಷ ಪೌಂಡಿಗಿಂತ ಜಾಸ್ತಿ ಬೆಲೆಯ ಗುತ್ತಿಗೆಗಳಿಗೆ ಸಾಮಾನ್ಯವಾಗಿ ಕನಿಷ್ಠ ಮೂರು ಅಳತೆಗೋಲು ಇಟ್ಟು, ಕಂಪನಿ ಹೇಗೆ ಮಾಡಿತು ಎಂದು ಪ್ರಕಟಿಸಬೇಕು. ಆ ಮೂರರಲ್ಲಿ ಒಂದಾದರೂ ಸಾಮಾಜಿಕ ಮೌಲ್ಯದ್ದಾಗಿರಬೇಕು ಎಂದು ಮಾತ್ರ ಕಾಯ್ದೆ ಹೇಳಿಲ್ಲ.