ಚೀನಾದ ಒಂದೇ ಮಗು ನೀತಿ: 118 ಮತ್ತು 973ರ ಗೊಂದಲ

ಕೆಎಎಸ್‌ಗೆ ಓದ್ತಿರೋ ನಮ್ ಕಾರವಾರ, ಶಿರಸಿ ಕಡೆಯೋರಿಗೆ ಅಂತ ಬರೀತಿದೀನಿ. ಚೀನಾದ ಒಂದೇ ಮಗು ನೀತಿಯ ಇಸವಿಗಳು ಎಲ್ಲಾ ಗೈಡಲ್ಲೂ ಇವೆ: 1980ರ ಸುಮಾರಿಗೆ ಶುರು, 2016ರಿಂದ ಎರಡು ಮಗು, 2021ರಲ್ಲಿ ಮೂರು. ಒಂದು ಮಾತ್ರ ಅಂಡರ್‌ಲೈನ್ ಮಾಡ್ಕೊಳ್ಳಿ, ಬಹಳಷ್ಟು ಹಳ್ಳಿಗಳಲ್ಲಿ ಮೊದಲನೇದು ಹೆಣ್ಣಾದ್ರೆ ಇನ್ನೊಂದು ಹೆರೋಕೆ ಬಿಡ್ತಿದ್ರು, ಅಂದ್ರೆ ಹೆಣ್ಣು ಹುಟ್ಟಿದ್ರೆ ಸಾಲಲ್ಲ ಅಂತ ಸರ್ಕಾರನೇ ಒಪ್ಕೊಂಡ ಹಾಗೆ. ನಂಗೆ ಇದು ಓದಿ ಸಿಟ್ಟೇ ಬಂತು.

ಈಗ ತಲೆ ಕೆಡಿಸೋ ಜಾಗ. 2010ರಲ್ಲಿ ಚೀನಾದ ಜನನ ಲಿಂಗಾನುಪಾತ ಸುಮಾರು 118. ಕರ್ನಾಟಕದ ಲಿಂಗಾನುಪಾತ 2011ರಲ್ಲಿ 973. ಎರಡನ್ನೂ ಪಕ್ಕಪಕ್ಕ ಇಟ್ರೆ ಏನೂ ತಿಳಿಯಲ್ಲ, ಯಾಕಂದ್ರೆ ಅವ್ರು 100 ಹೆಣ್ಣಿಗೆ ಎಷ್ಟು ಗಂಡು ಅಂತ ಎಣಿಸ್ತಾರೆ, ನಾವು 1000 ಗಂಡಿಗೆ ಎಷ್ಟು ಹೆಣ್ಣು ಅಂತ. ಅಲ್ಲಿ ನಂಬರ್ ಏರಿದ್ರೆ ಕೆಟ್ಟದ್ದು, ಇಲ್ಲಿ ಇಳಿದ್ರೆ ಕೆಟ್ಟದ್ದು. ತಿರುಗಿಸೋದು ಹೀಗೆ: ಒಂದು ಲಕ್ಷವನ್ನ 118ರಿಂದ ಭಾಗಿಸಿ, 847 ಬರತ್ತೆ. ಹುಟ್ಟುವಾಗ ಸಹಜವಾಗೇ 100 ಹೆಣ್ಣಿಗೆ 105ರಷ್ಟು ಗಂಡು ಇರ್ತಾವೆ, ಅದನ್ನೂ ತಿರುಗಿಸಿದ್ರೆ 952. ಹಾಗಾಗಿ ಹುಟ್ಟಿನ ಲೆಕ್ಕದಲ್ಲಿ 1000 ಅಲ್ಲ, 952ರ ಆಸುಪಾಸೇ ನಾರ್ಮಲ್. 952ರಲ್ಲಿ 847 ಕಳೀರಿ: ಪ್ರತಿ ಸಾವಿರ ಗಂಡಿಗೆ 105 ಹೆಣ್ಣು ಲೆಕ್ಕದಲ್ಲೇ ಇಲ್ಲ. ಎಲ್ಲಾ ಭ್ರೂಣಹತ್ಯೆ ಅಂತ ಬರೀಬೇಡಿ, ದಂಡಕ್ಕೆ ಹೆದರಿ ಹೆಸರು ನೋಂದಾಯಿಸದೇ ಬಚ್ಚಿಟ್ಟು ಬೆಳೆಸಿದ ಹೆಣ್ಮಕ್ಳೂ ಇದ್ರು, ಕಾಗದಪತ್ರ ಇಲ್ದೆ ಅವ್ರಿಗೆ ಶಾಲೆ ಸೇರೋದೂ ಕಷ್ಟ ಆಗಿತ್ತು. ಇನ್ನೊಂದು, 973 ಎಲ್ಲಾ ವಯಸ್ಸಿನೋರ ಲೆಕ್ಕ, ಹೆಂಗಸರು ಹೆಚ್ಚು ಕಾಲ ಬದುಕೋದ್ರಿಂದ ಅದು ಮೇಲೇರತ್ತೆ. ಹೋಲಿಸೋದಿದ್ರೆ ಕರ್ನಾಟಕದ್ದೇ 0-6 ವಯಸ್ಸಿನ ಮಕ್ಕಳ 948 ತಗೊಳ್ಳಿ, ಹುಟ್ಟಿನ ಲೆಕ್ಕಕ್ಕೆ ಅದೇ ಹತ್ತಿರ.

ಶಿರಸಿ ಕಡೆ ಅಡಿಕೆ ತೋಟ ಇರೋ ಹುಡುಗ್ರಿಗೂ ಹೆಣ್ಣು ಸಿಗ್ತಿಲ್ಲ ಅಲ್ವಾ, ಅದನ್ನ ಚೀನಾದ ಉದಾಹರಣೆ ಜೊತೆ ಸೇರಿಸ್ಬೇಡಿ. ನಮ್ಮಲ್ಲಿ ಹುಡುಗೀರು ಓದಿ ಬೆಂಗಳೂರು ಸೇರಿ ಅಲ್ಲೇ ಬದುಕು ಕಟ್ಕೊಳ್ತಿದಾರೆ, ಅದು ಅವ್ರ ಆಯ್ಕೆ. ಅಲ್ಲಿ ಎಷ್ಟೋ ಹೆಣ್ಮಕ್ಳು ಹುಟ್ಟಲೇ ಇಲ್ಲ.

ಜನನ ಪ್ರಮಾಣ ಇಳಿದಿದ್ದೆಲ್ಲ ಈ ನೀತಿಯಿಂದ ಅನ್ನೋದೂ ಸರಿಯಲ್ಲ. 1970ರ ಹೊತ್ತಿಗೆ ಒಬ್ಬ ತಾಯಿಗೆ ಆರರ ಹತ್ರ ಇದ್ದ ಮಕ್ಕಳ ಸರಾಸರಿ ನೀತಿ ಬರೋ ಮೊದ್ಲೇ ಮೂರಕ್ಕಿಂತ ಕೆಳಗೆ ಬಂದಿತ್ತು. ಕರ್ನಾಟಕ ನೋಡಿ, ಇಷ್ಟೇ ಹೆರಬೇಕು ಅಂತ ಜನರಿಗೆ ಮಿತಿ ಹಾಕೋ ಕಾನೂನಿಲ್ದೇ ಎನ್‌ಎಫ್‌ಎಚ್‌ಎಸ್-5ರಲ್ಲಿ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಆ ಸರಾಸರಿ 1.7. ಭಾರತದ ಪ್ರಶ್ನೆ ಬಂದ್ರೆ ತುರ್ತುಪರಿಸ್ಥಿತಿಯ ಬಲವಂತದ ಸಂತಾನಹರಣ ಆಪರೇಷನ್ ಜೊತೆ 2003ರ ಜಾವೇದ್ ಕೇಸ್ ಬರೀರಿ: ಎರಡಕ್ಕಿಂತ ಹೆಚ್ಚು ಮಕ್ಕಳಿದ್ರೆ ಪಂಚಾಯ್ತಿ ಸೀಟಿಲ್ಲ ಅನ್ನೋ ಹರಿಯಾಣದ ನಿಯಮವನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದು ಇದರಲ್ಲೇ.