179ರ ಕಾರಿಗೆ 800 ಯಾಕೆ? ಆಟಿಕೆ ಸಂಗ್ರಹದಲ್ಲಿ ಬ್ಲ್ಯಾಕ್ ದರ ಬೆಳೆದ ಬಗೆ

ಪೊಟ್ಟಣದ ಕಾರ್ಡಿನ ಹಿಂದೆ 179 ರೂಪಾಯಿ ಎಂದು ಅಚ್ಚಾಗಿರುವ ಹಾಟ್ ವೀಲ್ಸ್ ಆಟಿಕೆ ಕಾರಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 600, 800 ಕೇಳುತ್ತಾರೆ. ಯಾರಿಗೂ ಬೇಡವಾದ ನಾಲ್ಕು ಕಾರುಗಳನ್ನು ಜತೆಗೆ ಕೊಂಡರೆ ಮಾತ್ರ ಕೊಡುವುದು ಎಂಬ ಷರತ್ತು ಬೇರೆ. ಇದಕ್ಕೆ ‘ಕಾಂಬೊ’ ಎಂದು ಹೆಸರು. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆಯ ಸಂಗ್ರಹಕಾರರು ಇದರ ಮೇಲೆ ಕೊರಿಯರ್ ಖರ್ಚನ್ನೂ ಹೊರಬೇಕು. ಅಷ್ಟು ಕೊಟ್ಟು ತರಿಸಿಕೊಂಡ ಕಾರು ಎಷ್ಟೋ ಸಲ ಅಪರೂಪದ್ದೇನೂ ಆಗಿರುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಕಾರು ಮೈಸೂರಿನ ಅಂಗಡಿಯಲ್ಲಿ ಮುದ್ರಿತ ಬೆಲೆಗೇ ನೇತಾಡುತ್ತಿರುತ್ತದೆ. ನಡುವಿನ ಆ 600 ರೂಪಾಯಿ ಹುಟ್ಟುವುದೆಲ್ಲಿ?

ಇಂಗ್ಲೆಂಡಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ 1953ರಲ್ಲಿ ಬಂತು, ಅಮೆರಿಕದ ಮ್ಯಾಟೆಲ್ 1968ರಲ್ಲಿ ಹಾಟ್ ವೀಲ್ಸ್ ತಂದಿತು, 1997ರಲ್ಲಿ ಎರಡೂ ಮ್ಯಾಟೆಲ್ ಸೂರಿನಡಿ ಸೇರಿದವು. ಈ ನಡುವೆ ಭಾರತದಲ್ಲಿ ಲಿಯೊ ಮ್ಯಾಟೆಲ್ ಹೆಸರಿನಲ್ಲಿ ಕಾರುಗಳೂ ಫನ್‌ಸ್ಕೂಲ್ ಹೆಸರಿನಲ್ಲಿ ಜಿ.ಐ. ಜೋ ಗೊಂಬೆಗಳೂ ತಯಾರಾದವು. ಆಗ ಇವನ್ನು ಕೊಂಡವರು ಮಕ್ಕಳಿಗೆಂದೇ ಕೊಂಡರು, ಮಕ್ಕಳು ಅಂಗಳದ ಮಣ್ಣಿನಲ್ಲಿ ಓಡಿಸಿ ಮುಗಿಸಿದರು. ಮೂಲ ಅಚ್ಚಿಗಿಂತ ಬೇರೆಯದೇ ಬಣ್ಣದಲ್ಲಿ ಬಂದಿದ್ದ ಆ ಭಾರತೀಯ ಪ್ರತಿಗಳನ್ನು ಈಗ ಹೊರದೇಶದವರೂ ಹುಡುಕುತ್ತಾರೆ. ಅವು ಮುಗಿದುಹೋದ ಸರಕು, ಬೆಲೆ ಏರಿದ್ದರಲ್ಲಿ ಅನ್ಯಾಯವಿಲ್ಲ. ಇಲ್ಲಿನ ಚರ್ಚೆ ಇಂದಿಗೂ ಕಾರ್ಖಾನೆಯಿಂದ ಹೊರಬರುತ್ತಿರುವ ಆಟಿಕೆಗಳದ್ದು.

ಹೊಸ ಸರಕಿನೊಳಗೇ ಅಪರೂಪವನ್ನು ಬೆರೆಸುವ ಪದ್ಧತಿ 1995ರಲ್ಲಿ ಶುರುವಾಯಿತು. ಆ ವರ್ಷ ‘ಟ್ರೆಷರ್ ಹಂಟ್’ ಹೆಸರಿನಲ್ಲಿ 12 ಮಾದರಿಗಳನ್ನು ತಲಾ 10,000ದಂತೆ ಮಾತ್ರ ತಯಾರಿಸಿ ಸಾಮಾನ್ಯ ಕಾರುಗಳ ನಡುವೆ ಸೇರಿಸಲಾಯಿತು. 2007ರಲ್ಲಿ ಅದರೊಳಗೆ ಇನ್ನೂ ಮೇಲಿನ ದರ್ಜೆ ಹುಟ್ಟಿತು: ಲೋಹದ ಹೊಳಪಿನ ಸ್ಪೆಕ್ಟ್ರಾಫ್ಲೇಮ್ ಬಣ್ಣ, ನಿಜವಾದ ರಬ್ಬರ್ ಟೈರು. ಸಂಗ್ರಹಕಾರರ ಬಾಯಲ್ಲಿ ‘ಸೂಪರ್’ ಎಂದರೆ ಇದೇ. ಮುದ್ರಿತ ಬೆಲೆ ಮಾತ್ರ ಪಕ್ಕದ ಸಾಮಾನ್ಯ ಕಾರಿನದ್ದೇ. ಒಂದೇ ಬೆಲೆಯ ರಾಶಿಯಲ್ಲಿ ಹತ್ತಿಪ್ಪತ್ತು ಪಟ್ಟು ಬಾಳುವ ಒಂದು ಪೊಟ್ಟಣ ಇದೆ ಎಂದು ಗೊತ್ತಾದ ಮೇಲೆ ರಾಶಿಯನ್ನು ಎಲ್ಲರಿಗಿಂತ ಮೊದಲು ಮುಟ್ಟುವುದೇ ಒಂದು ಕಸುಬಾಯಿತು.

ಭಾರತದಲ್ಲಿ ಈ ಕಸುಬು ಗಟ್ಟಿಯಾಗಿ ಬೇರೂರಿದ್ದು 2020ರ ಆಸುಪಾಸಿನಲ್ಲಿ. ಹದಿಮೂರು ತಿಂಗಳಲ್ಲಿ ಮೂರು ಬಾಗಿಲುಗಳು ಕಿರಿದಾದವು. 2019ರ ಡಿಸೆಂಬರ್‌ವರೆಗೆ ಹೊರದೇಶದಿಂದ 5,000 ರೂಪಾಯಿವರೆಗಿನ ಉಡುಗೊರೆ ಪಾರ್ಸೆಲ್ ಸುಂಕವಿಲ್ಲದೆ ಬರುತ್ತಿತ್ತು. ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು ಉಳಿದದ್ದಕ್ಕೆ ಆ ಸವಲತ್ತು ಹೋಯಿತು. ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇರುವ ನೆಂಟರಿಂದ ತರಿಸಿಕೊಳ್ಳುತ್ತಿದ್ದ ಮನೆಗಳಿಗೆ ಅಂಚೆಯ ದಾರಿ ದುಬಾರಿಯಾಗಿ, ಊರಿಗೆ ಬರುವವರ ಲಗೇಜ್ ಒಂದೇ ಉಳಿಯಿತು. 2020ರ ಫೆಬ್ರುವರಿಯ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಜಿಗಿಯಿತು; 2023ರಲ್ಲಿ ಶೇ 70 ಆಯಿತು. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಹೊರದೇಶದ ಕಾರ್ಖಾನೆಯೂ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಪರವಾನಗಿ ಪಡೆಯಲೇಬೇಕು.

ಮಕ್ಕಳ ಕೈಗೆ ಬರುವ ಬಣ್ಣದಲ್ಲಿ ಸೀಸ ಇರಬಾರದು, ಚೂರಾಗಿ ಗಂಟಲಿಗೆ ಸಿಕ್ಕುವ ಭಾಗಗಳು ಇರಬಾರದು. ನಿಯಮದ ಅಗತ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಬೇಡಿಕೆ ಏರುತ್ತಿದ್ದ ಹೊತ್ತಿಗೇ ಪೂರೈಕೆಯ ಕೊಳವೆ ಸಣ್ಣದಾಯಿತು. ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕುಳಿತ ದೊಡ್ಡವರು ಬಾಲ್ಯದ ಕಾರುಗಳತ್ತ ತಿರುಗಿದ್ದೂ ಅದೇ ಕಾಲ. ‘14+’ ಎಂದು ಮುದ್ರಿಸಿದ, ದೊಡ್ಡವರಿಗೆಂದು ಮಾರುವ ದುಬಾರಿ ಮಾದರಿಗಳ ಲೆಕ್ಕವೇ ಬೇರೆ. ಏಟು ಬಿದ್ದದ್ದು ಅಗ್ಗದ, ಮಗುವೂ ಕೊಳ್ಳಬಹುದಾದ ಮೇನ್‌ಲೈನ್ ಕಾರಿಗೆ.

ಬ್ಲ್ಯಾಕ್ ದರದ ಒಳಗುಟ್ಟು ತಿಳಿಯಬೇಕಾದರೆ ಕಾರ್ಟನ್ ಅನ್ನು, ಅಂದರೆ ಕಾರುಗಳು ತುಂಬಿ ಬರುವ ಪೆಟ್ಟಿಗೆಯನ್ನು ಅರಿಯಬೇಕು. ಅದನ್ನೇ ಕೇಸ್ ಎಂದೂ ಕರೆಯುತ್ತಾರೆ. ಮೇನ್‌ಲೈನ್ ಕಾರುಗಳ ಒಂದು ಪೂರ್ಣ ಕೇಸ್‌ನಲ್ಲಿ ಸಾಮಾನ್ಯವಾಗಿ 72 ಕಾರುಗಳು. ಒಂದೇ ಕಾರಿನ ಎರಡು ಮೂರು ಪ್ರತಿಗಳೂ ಇರುತ್ತವೆ. ವರ್ಷದ ಕೇಸ್‌ಗಳಿಗೆ ಎ ಯಿಂದ ಕ್ಯೂ ವರೆಗೆ, ಐ ಮತ್ತು ಒ ಬಿಟ್ಟು, 15 ಅಕ್ಷರಗಳು. ಒಂದೊಂದು ಅಕ್ಷರಕ್ಕೆ ಒಂದು ಸೂಪರ್ ಮಾದರಿ ನಿಗದಿ. ಹಾಗೆಂದು ಪ್ರತಿ ಕಾರ್ಟನ್‌ನಲ್ಲೂ ಸೂಪರ್ ಸಿಗುವುದಿಲ್ಲ. ಹಲವು ಕಾರ್ಟನ್ ಬಿಚ್ಚಿದರೆ ಒಂದು. ಯಾವ ಅಕ್ಷರದಲ್ಲಿ ಯಾವ ಕಾರು ಎಂಬುದು ಅಮೆರಿಕ, ಮಲೇಷ್ಯಾದಲ್ಲಿ ಕಾರ್ಟನ್ ತೆರೆದ ದಿನವೇ ಜಗತ್ತಿಗೆ ತಿಳಿಯುತ್ತದೆ. ಇಲ್ಲಿಗೆ ಅದೇ ಕೇಸ್ ಬರುವುದು ತಿಂಗಳುಗಳ ನಂತರ. ಆ ಅಂತರದಲ್ಲಿ ಮರುಮಾರಾಟಗಾರ ಪಟ್ಟಿ ಸಿದ್ಧಪಡಿಸಿಕೊಂಡಿರುತ್ತಾನೆ. ಸರಕು ವಿತರಕರ ಗೋದಾಮಿನಲ್ಲಿರುವಾಗಲೇ ಮುಚ್ಚಿದ ಕಾರ್ಟನ್‌ಗಳು ಕೈ ಬದಲಾಗುತ್ತವೆ, ಅಥವಾ ಅಂಗಡಿಯ ಹಿಂಬದಿಯಲ್ಲೇ ಬಿಚ್ಚಿ, ಆಯ್ದು, ಉಳಿದದ್ದು ಪೆಗ್‌ಗೆ, ಅಂದರೆ ಅಂಗಡಿಯಲ್ಲಿ ಕಾರು ನೇತುಹಾಕುವ ಕೊಕ್ಕೆಗೆ ಬರುತ್ತದೆ. ಶೆಲ್ಫ್ ತುಂಬಿದಂತೆ ಕಾಣುತ್ತದೆ, ಬೇಕಾದ್ದು ಒಂದೂ ಇರುವುದಿಲ್ಲ.

ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳು ಬಂದ ಮೇಲೆ ನಗರದವರಿಗೆ ಇನ್ನೊಂದು ದಾರಿ ತೆರೆಯಿತು. ಆ ಆ್ಯಪ್‌ಗಳು ಮಾರುವುದು ಕೆಲವೇ ಕಿಲೋಮೀಟರ್ ಸುತ್ತಳತೆಯ ಗೋದಾಮಿನಿಂದ. ತೋಟದ ವಿಳಾಸಕ್ಕೆ ಅದು ದಕ್ಕುವುದಿಲ್ಲ. ದೊಡ್ಡ ಆನ್‌ಲೈನ್ ಮಳಿಗೆಗಳಲ್ಲಿ ‘ಅಸಾರ್ಟೆಡ್’ ಎಂದಿದ್ದರೆ ಚಿತ್ರದಲ್ಲಿರುವ ಕಾರೇ ಬರಬೇಕೆಂದಿಲ್ಲ. ಕೊಡಗಿಗೆ ರೈಲಿಲ್ಲ, ದೊಡ್ಡ ಆಟಿಕೆ ಮಳಿಗೆಗೆ ಮಡಿಕೇರಿಯಿಂದ 120 ಕಿಲೋಮೀಟರ್ ಇಳಿದು ಮೈಸೂರಿಗೇ ಹೋಗಬೇಕು. ಮರುಮಾರಾಟದ ದರದಲ್ಲಿ ಒಂದು ಪಾಲು ಈ ದೂರದ ಬಾಡಿಗೆ. ಅದನ್ನು ಮಲೆನಾಡು, ಗಡಿನಾಡಿನವರೇ ಹೆಚ್ಚು ತೆರುತ್ತಾರೆ.

ಹಾಗೆಯೇ ದೂರದಿಂದ ಒಂದು ಲಾಭವೂ ಇದೆ. ಮೈಸೂರಿನ ಸಗಟು ಅಂಗಡಿಯಿಂದ ಒಂದೊಂದೇ ಕಾರ್ಟನ್ ತರುವ ಕೊಡಗಿನ ಫ್ಯಾನ್ಸಿ ಸ್ಟೋರ್, ಸ್ಟೇಷನರಿ ಅಂಗಡಿಗಳು ಶಾಲೆ ಶುರುವಾಗುವ ಮುನ್ನ, ದಸರೆಗೆ, ಕ್ರಿಸ್ಮಸ್‌ಗೆ ಸರಕು ತುಂಬುತ್ತವೆ. ಅಲ್ಲಿ ಆಯ್ದು ಬಿಸಾಡಿದ ಕಾರ್ಟನ್ ಇರುವ ಸಾಧ್ಯತೆ ಕಡಿಮೆ. ಸರಕು ಬರುವ ವಾರ ಕೇಳಿಟ್ಟುಕೊಳ್ಳಿ. ಪೆಗ್‌ನ ಹಿಂದಿನ ಸಾಲು ನೋಡಿ. ಬೇಕಾದವರು ಅಡಗಿಸಿಟ್ಟು ಹೋಗುವ ಜಾಗ ಅದೇ. ಇನ್ನೊಂದು ಅನುಕೂಲವೆಂದರೆ ತೋಟದ ಜೀಪು, ಕೆಸರುಹಾದಿಯ ರ್‍ಯಾಲಿ ನೋಡಿ ಬೆಳೆದ ಇಲ್ಲಿನವರ ರುಚಿ. ಬ್ಲ್ಯಾಕ್ ಮಾರಾಟದ ಕಣ್ಣು ಮೊದಲು ಬೀಳುವುದು ಸ್ಕೈಲೈನ್, ಪೋರ್ಷೆಯಂಥ ಸ್ಪೋರ್ಟ್ಸ್ ಕಾರುಗಳ ಮೇಲೆ. ಡಿಫೆಂಡರ್, ಲ್ಯಾಂಡ್ ಕ್ರೂಸರ್‌ಗೂ ಪೈಪೋಟಿ ಇದೆ, ನಿಜ. ಆದರೆ ಮ್ಯಾಚ್‌ಬಾಕ್ಸ್‌ನ ವಿಲ್ಲಿಸ್ ಜೀಪಿನಂಥವು ಹೆಚ್ಚಾಗಿ ಮುದ್ರಿತ ಬೆಲೆಗೇ ಸಿಗುತ್ತವೆ.

ಬೆಲೆ ಕೇಳಿದ ಕೂಡಲೇ ಕೊಡಬೇಡಿ. ಹೊಸ ಅಚ್ಚಿನ ಕಾರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕೇಸ್‌ಗಳಲ್ಲಿ ಬರುತ್ತದೆ; ಬೇರೆ ಬಣ್ಣದಲ್ಲಿ ಅದೇ ವರ್ಷ ಅಥವಾ ಮುಂದಿನ ವರ್ಷ ಮತ್ತೆ ಕಾಣಿಸಿಕೊಳ್ಳುತ್ತದೆ. ಮರುಮಾರಾಟ ದರ ಮೊದಲ ಕೆಲವು ವಾರ ತುದಿಯಲ್ಲಿದ್ದು, ಎರಡನೇ ಕೇಸ್ ಇಳಿದಾಗ ಬೀಳುತ್ತದೆ. ಕಾಯುವ ಲೆಕ್ಕ ಸೂಪರ್‌ಗೆ ನಡೆಯದು, ಸಾಮಾನ್ಯ ಮೇನ್‌ಲೈನ್‌ಗೆ ಬಹುಪಾಲು ನಡೆಯುತ್ತದೆ. ದರ ಅಳೆಯುವಾಗ ಕೇಳಿದ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಇಬೇಯಲ್ಲಿ ‘ಸೋಲ್ಡ್ ಐಟಮ್ಸ್’ ಎಂಬ ಆಯ್ಕೆ ಇದಕ್ಕೇ ಇದೆ. 1,500ಕ್ಕೆ ಹತ್ತು ಜನ ಹಾಕಿದ್ದಾರೆ ಎಂದರೆ ಹತ್ತು ಕಾರು ಮಾರಾಟವಾಗದೆ ಕುಳಿತಿವೆ ಎಂದೂ ಅರ್ಥವಾಗಬಹುದು.

ಸಣ್ಣ ಊರಿಗೆ ಹೆಚ್ಚು ಹೊಂದುವ ಉಪಾಯ ಕಾರ್ಟನ್ ಹಂಚಿಕೆ. ಆರು ಜನ ಸೇರಿ ಅಂಗಡಿಯವರ ಮೂಲಕ ಮುಚ್ಚಿದ ಒಂದು ಕೇಸ್ ಮುದ್ರಿತ ಬೆಲೆಗೇ ತರಿಸಿದರೆ 72ಕ್ಕೆ 12,888 ರೂಪಾಯಿ. ತಲಾ 12 ಕಾರು, 2,148 ರೂಪಾಯಿ. ಅಂಗಡಿಯವರಿಗೆ ಒಂದೇ ದಿನ ಪೂರ್ತಿ ಸರಕು ಖಾಲಿಯಾಗುವುದರಿಂದ ಒಪ್ಪುತ್ತಾರೆ. ಟೇಪ್ ಕಾರ್ಖಾನೆಯದ್ದೇ, ಮೇಲೊಂದು ಪದರ ಅಂಟಿಸಿದ್ದಾರೆಯೇ, ಕೇಸ್ ಅಕ್ಷರ ಹೇಳಿದ್ದೇ ಇದೆಯೇ ಎಂದು ಎಲ್ಲರೆದುರು ನೋಡಿ ಬಿಚ್ಚಬೇಕು. ಚೀಟಿ ಎತ್ತಿ ಸರದಿ ನಿಗದಿ ಮಾಡಿ: ಮೊದಲ ಸುತ್ತು ಒಂದರಿಂದ ಆರು, ಎರಡನೇ ಸುತ್ತು ಆರರಿಂದ ಒಂದು, ಹೀಗೆ ತಿರುಗುತ್ತಾ ಹನ್ನೆರಡು ಸುತ್ತು. ಸರದಿ ತಿರುಗಿಸದಿದ್ದರೆ ಮೊದಲ ಚೀಟಿಯವರೇ ಪ್ರತಿ ಸುತ್ತಿನ ಒಳ್ಳೆಯದನ್ನು ಒಯ್ಯುತ್ತಾರೆ. ಈ ಪದ್ಧತಿ ಕೆಡುವುದು ಎರಡು ಕಡೆ. ಹಣ ಮೊದಲೇ ಕೂಡಿಸದೆ, ಪಟ್ಟಿ ನೋಡಿದ ಮೇಲೆ ಕೆಲವರು ಹಿಂದೆ ಸರಿಯುವುದು ಒಂದು. ಗುಂಪಿನೊಳಗಿನವರೇ ತಮ್ಮ ಪಾಲಿನದ್ದನ್ನು ಮರುದಿನ ದುಪ್ಪಟ್ಟಿಗೆ ಹಾಕುವುದು ಇನ್ನೊಂದು. ಆರು ತಿಂಗಳು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಕೂಡದು ಎಂದು ಮೊದಲೇ ಮಾತಾಗಬೇಕು. ಬೇಡದ ಪ್ರತಿಗಳನ್ನು ಅಂಗಡಿಯ ಪೆಗ್‌ಗೇ ಬಿಟ್ಟು ಬರುವ ಏರ್ಪಾಡು ಮಾಡಿಕೊಂಡರೆ ಶಾಲೆ ಬಿಟ್ಟು ಬರುವ ಮಕ್ಕಳಿಗೂ ಕಾರು ಉಳಿಯುತ್ತದೆ. ಈ ಗದ್ದಲದಲ್ಲಿ ಮೊದಲು ಬರಿಗೈಯಾಗುವವರು ಅವರೇ.

ಕಾನೂನಿನ ಮಾತು. ಪೊಟ್ಟಣ ಸರಕುಗಳ ಕಾನೂನು ಮಾಪನಶಾಸ್ತ್ರ ನಿಯಮ 2011ರ ಪ್ರಕಾರ ಮುದ್ರಿತ ಚಿಲ್ಲರೆ ಬೆಲೆ ಮೀರಿ ಮಾರುವಂತಿಲ್ಲ. ಆಮದು ಸರಕಿಗೆ ಬೆಲೆಯ ಸ್ಟಿಕರ್ ಇರುವುದು ಸಹಜ, ಆದರೆ ಒಂದರ ಮೇಲೊಂದು ಅಂಟಿಸಿ ಬೆಲೆ ಏರಿಸಿದ್ದರೆ ತಪ್ಪು. ಬಿಲ್ ಪಡೆಯಿರಿ, ಕಾರ್ಡಿನ ಹಿಂಬದಿಯ ಫೋಟೊ ಇಟ್ಟುಕೊಳ್ಳಿ, 1915 ಗ್ರಾಹಕ ಸಹಾಯವಾಣಿಗೆ ಅಥವಾ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಗುಂಪಿನಲ್ಲಿ ವ್ಯಕ್ತಿಯಿಂದ ಕೊಂಡರೆ ಬಿಲ್ ಇರುವುದಿಲ್ಲ, ದೂರು ನಿಲ್ಲುವುದೂ ಕಷ್ಟ. ಪ್ರೀ-ಆರ್ಡರ್ ಎಂದು ಮುಂಗಡ ಪಡೆದು ಮಾಯವಾಗುವ ಪ್ರಕರಣಗಳಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಸಾಗುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ಅವಕಾಶ.

ಸೂಪರ್ ಎಂದು ಮಾರುವಾಗ ಟೈರು ಬದಲಿಸಿ, ಪುನಃ ಅಂಟಿಸಿದ ಕಾರುಗಳೂ ಬರುತ್ತವೆ. ಬ್ಲಿಸ್ಟರ್, ಅಂದರೆ ಕಾರನ್ನು ಮುಚ್ಚಿರುವ ಪಾರದರ್ಶಕ ಪ್ಲಾಸ್ಟಿಕ್‌ನ ಅಂಚಿನ ಒತ್ತು ಸುತ್ತಲೂ ಒಂದೇ ಸಮನಿರಬೇಕು. ಅಂಟು ಒಸರಿದ್ದರೆ, ಕಾರ್ಡಿನ ಪದರ ಎದ್ದಿದ್ದರೆ ಬೇಡ. ಕಾರಿನ ತಳದ ರಿವೆಟ್ ಕೊರೆದಿರಬಾರದು. ತಳದಲ್ಲಿ ಒಂದು ಅಕ್ಷರ, ಎರಡು ಅಂಕಿಯ ಸಂಕೇತ ಇರುತ್ತದೆ: ಅಕ್ಷರ ತಯಾರಿಯ ವರ್ಷ, ಅಂಕಿ ವಾರ. ಪಿ ಎಂದರೆ 2021, ಕ್ಯೂ 2022, ಆರ್ 2023. ಕಾರ್ಡಿನ ವರ್ಷಕ್ಕೂ ಇದಕ್ಕೂ ಹಲವು ವರ್ಷಗಳ ಅಂತರವಿದ್ದರೆ ಪ್ರಶ್ನೆ ಕೇಳಿ.

ಈಗ ಇದೇ ಆಟ ಲಬೂಬು ಗೊಂಬೆಗೂ ಬಂದಿದೆ. 2015ರಲ್ಲಿ ಕಲಾವಿದ ಕಾಸಿಂಗ್ ಲಂಗ್ ಚಿತ್ರಿಸಿದ ಪಾತ್ರವನ್ನು ಚೀನಾದ ಪಾಪ್ ಮಾರ್ಟ್ ಕಂಪನಿ 2019ರಿಂದ ಗೊಂಬೆಯಾಗಿ ಮಾರುತ್ತಿದೆ. ಒಳಗೇನಿದೆ ಎಂದು ಗೊತ್ತಾಗದ ಪೆಟ್ಟಿಗೆ, 72ಕ್ಕೆ ಒಂದು ‘ಸೀಕ್ರೆಟ್’. 2025ರ ಮೇನಲ್ಲಿ ಬ್ರಿಟನ್‌ನ ಮಳಿಗೆಗಳು ನೂಕುನುಗ್ಗಲಿಗೆ ಹೆದರಿ ಮಾರಾಟ ನಿಲ್ಲಿಸಿದವು. ಜೂನ್‌ನಲ್ಲಿ ಕಂಪನಿ ಒಮ್ಮೆಲೇ ಹೆಚ್ಚು ಸರಕು ಬಿಟ್ಟಾಗ ಚೀನಾದ ಮರುಮಾರಾಟ ದರ ಕೆಲವೇ ದಿನಗಳಲ್ಲಿ ಕುಸಿಯಿತು. ಜಾತ್ರೆ, ಪ್ರವಾಸಿ ತಾಣಗಳ ತಳ್ಳುಗಾಡಿಯಲ್ಲಿ ಕೆಲವು ನೂರಕ್ಕೆ ಸಿಗುವುದು ನಕಲಿ. ಅಸಲಿಗೆ ಒಂಬತ್ತು ಹಲ್ಲು, ಪೆಟ್ಟಿಗೆಯ ಕ್ಯೂಆರ್ ಕೋಡ್ ಕಂಪನಿಯದ್ದೇ ಪುಟಕ್ಕೆ ಹೋಗಬೇಕು.

ಕೊನೆಯದಾಗಿ ಮಳೆ. ಮರುಮಾರಾಟದಲ್ಲಿ ಹೆಚ್ಚಿಗೆ ತೆರುವ ಹಣದ ದೊಡ್ಡ ಪಾಲು ಕಾರಿಗಲ್ಲ, ಮಾಸದ ಕಾರ್ಡಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯಲ್ಲಿ ಕಾರ್ಡು ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಬ್ಲಿಸ್ಟರ್ ಅಂಟು ಬಿಡುತ್ತದೆ. ಕಾರ್ಡ್ ಸಮೇತ ಇಡುವವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಳಸಿ. ಹಸಿರಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ಜುಲೈ, ಆಗಸ್ಟ್‌ನಲ್ಲಿ ಸಂಪಾಜೆ ಘಾಟಿ ಕುಸಿದು ಪಾರ್ಸೆಲ್ ತಡವಾಗುವುದುಂಟು. ಆ ತಿಂಗಳುಗಳಲ್ಲಿ ತರಿಸುವುದಾದರೆ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಲು ಹೇಳಿ, ಇಲ್ಲವೇ ಮಳೆ ಕಳೆಯುವವರೆಗೆ ಮಾರುವವರ ಬಳಿಯೇ ಇರಿಸಿ. ಕಾರ್ಡು ಬೇಕೇ ಬೇಕು ಎಂಬ ಹಟವಿಲ್ಲದವರು ಬಿಡಿ ಕಾರನ್ನೇ ಕೇಳಿ. ಅದೇ ಅಚ್ಚು, ಅದೇ ಬಣ್ಣ ಎಷ್ಟೋ ಸಲ ಅರ್ಧ ಬೆಲೆಗೆ ಸಿಗುತ್ತದೆ, ಬೂಷ್ಟು ಕಂಡರೂ ಬಟ್ಟೆಯಲ್ಲಿ ಒರೆಸಿದರೆ ಸಾಕು.