ಹೊರದೇಶದ ಗ್ರೋ ಲೈಟು, ಕೊಡಗಿನ ಕರೆಂಟು: ಜೊತೆಗೆ ಕಲಿಯುವವರಿಗೆ ಒಂದು ಟಿಪ್ಪಣಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಮಡಿಕೇರಿ, ಭಾಗಮಂಡಲದ ಕಡೆ ಬಿಸಿಲಿನ ಮುಖ ನೋಡುವುದೇ ಅಪರೂಪ. ಮನೆಯೊಳಗಿನ ಆರ್ಕಿಡ್‌ಗೋ ಸೊಪ್ಪಿನ ಸಸಿಗೋ ಒಂದು ಗ್ರೋ ಲೈಟ್, ಅಂದರೆ ಬಿಸಿಲಿನ ಬದಲು ಗಿಡಕ್ಕೆ ಬೆಳಕು ಕೊಡುವ ದೀಪ, ಹಾಕೋಣ ಅನ್ನಿಸುವುದು ಸಹಜ. ಅಮೆರಿಕದಲ್ಲಿರುವ ಮಗಳೋ, ದುಬೈಯಲ್ಲಿರುವ ಭಾವನೋ ಊರಿಗೆ ಬರುವಾಗ ಒಂದು ತಂದರೆ ಮೊದಲು ಏಳುವ ಪ್ರಶ್ನೆ, ಇದು ನಮ್ಮ ಕರೆಂಟಿಗೆ ಆಗುತ್ತಾ? ಉತ್ತರ ಪ್ಲಗ್ ನೋಡಿದರೆ ಸಿಗುವುದಿಲ್ಲ. ಪ್ಲಗ್ ಹತ್ತು ನಿಮಿಷದ ಕೆಲಸ. ನೋಡಬೇಕಾದ್ದು ಡ್ರೈವರ್, ಅಂದರೆ ಮನೆಯ ಕರೆಂಟನ್ನು ಲೈಟಿಗೆ ಹೊಂದಿಸಿ ಕೊಡುವ ಡಬ್ಬ, ಅದರ ಬೆನ್ನಿಗೆ ಅಂಟಿಸಿದ ಚೀಟಿಯನ್ನು.

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ತೂಗುತ್ತದೆ. ಬ್ರಿಟನ್, ಯುರೋಪ್, ದುಬೈ ಎಲ್ಲವೂ ಹೆಚ್ಚುಕಡಿಮೆ ಇದೇ, ಚೀನಾದ್ದು 220. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಸೌದಿಯಿಂದ ತಂದದ್ದಾದರೆ ಸ್ವಲ್ಪ ಎಚ್ಚರ ಬೇಕು, ಅಲ್ಲಿ ವೋಲ್ಟೇಜ್ ಈಗ ಹೆಚ್ಚಾಗಿ ನಮ್ಮ ಹಾಗೇ ಇದ್ದರೂ ಹರ್ಟ್ಸ್ 60. ಜಪಾನಿನದು ಇನ್ನೂ ವಿಚಿತ್ರ: 100 ವೋಲ್ಟ್, ಅದರಲ್ಲೂ ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. 1890ರ ದಶಕದಲ್ಲಿ ಒಂದು ಊರಿನವರು ಜರ್ಮನಿಯಿಂದ, ಇನ್ನೊಂದು ಊರಿನವರು ಅಮೆರಿಕದಿಂದ ಜನರೇಟರ್ ತರಿಸಿಕೊಂಡರು. ಆ ಒಡಕು ಇವತ್ತಿಗೂ ಸರಿಹೋಗಿಲ್ಲ.

ಡ್ರೈವರ್ ಚೀಟಿಯಲ್ಲಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಅರ್ಧ ಚಿಂತೆ ಬಿಡಿ. ಈಗಿನ ಎಲ್‌ಇಡಿ ಲೈಟುಗಳಲ್ಲಿ ಬಹಳಷ್ಟು ಇಂಥವೇ. ಒಳಗೆ ಬರುವ ಎಸಿಯನ್ನು ಡ್ರೈವರ್ ಮೊದಲು ಡಿಸಿ ಮಾಡಿಕೊಂಡು, ಆಮೇಲೆ ತನಗೆ ಬೇಕಾದ ಹಾಗೆ ಕತ್ತರಿಸಿ ಎಲ್‌ಇಡಿಗೆ ಕೊಡುತ್ತದೆ. ಹಾಗಾಗಿ ಹರ್ಟ್ಸ್ ಎಷ್ಟಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ‘120–277’ ಎಂದಿದ್ದರೂ ಸರಿ, ನಮ್ಮ 230 ಅದರ ನಡುವೆಯೇ ಬರುತ್ತದೆ. ಬರೀ ‘120’ ಎಂದಿದ್ದರೆ ಮಾತ್ರ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 240 ವ್ಯಾಟ್ ಲೈಟಿಗೆ 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ತೆಗೆದುಕೊಳ್ಳಿ, ಗಂಟೆಗಟ್ಟಲೆ ಉರಿಯುವ ಸಾಮಾನಿಗೆ ಅಳೆದು ಸುರಿದು ತರಬಾರದು. ಕೆಲವು ಪವರ್ ಸಪ್ಲೈಗಳಲ್ಲಿ 115/230 ಎಂಬ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಅದನ್ನು 115ರಲ್ಲೇ ಬಿಟ್ಟು ನಮ್ಮ ಪಾಯಿಂಟಿಗೆ ಚುಚ್ಚಿದರೆ ಒಳಗಿನ ಡಿಸಿ ಸುಮಾರು 650 ವೋಲ್ಟಿಗೆ ಏರಿ ಕೆಪಾಸಿಟರ್ ಢಮ್ ಎನ್ನುತ್ತದೆ.

ಹಳೆಯ ಸೋಡಿಯಂ ಲೈಟಿನ ಕಥೆ ಬೇರೆ. ಅದರ ಚೋಕ್ ಕರೆಂಟನ್ನು ತಡೆಯುವ ಪ್ರಮಾಣ ಹರ್ಟ್ಸ್‌ನ ಮೇಲೇ ನಿಂತಿದೆ. 60ಕ್ಕೆ ಮಾಡಿದ ಚೋಕನ್ನು 50ರಲ್ಲಿ ಓಡಿಸಿದರೆ ತಡೆ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, ಕರೆಂಟು ಶೇಕಡಾ 20ರಷ್ಟು ಏರುತ್ತದೆ, ಚೋಕ್ ಕೈ ಇಡಲಾಗದಷ್ಟು ಕಾಯುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟಿದ್ದೇವಲ್ಲ ಎಂದರೆ, ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಮುಟ್ಟುವುದಿಲ್ಲ. ಅಮೆರಿಕದ ಸೋಡಿಯಂ ಲೈಟು ಪುಕ್ಕಟೆ ಸಿಕ್ಕರೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇದೇ ಕಾರಣಕ್ಕೆ ಲೈಟಿನ ಜೊತೆ ಬರುವ ತಿರುಗುವ ಟೈಮರ್ ಕೂಡ ಕೈಕೊಡುತ್ತದೆ. ಅದರ ಮೋಟಾರು ಹರ್ಟ್ಸ್‌ಗೆ ತಾಳ ಹಾಕುತ್ತಾ ತಿರುಗುವುದು. 60ರ ಟೈಮರ್ ನಮ್ಮಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಂದರೆ 24 ಗಂಟೆಯ ಡಯಲ್ ಒಂದು ಸುತ್ತು ಮುಗಿಸಲು 28 ಗಂಟೆ 48 ನಿಮಿಷ. 12 ಗಂಟೆ ಬೆಳಕು ಎಂದು ಗುಂಡಿ ಒತ್ತಿಟ್ಟರೆ 14 ಗಂಟೆ 24 ನಿಮಿಷ ಉರಿಯುತ್ತದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಗಿಡಕ್ಕೆ ನಡುರಾತ್ರಿ ಹಗಲು. ಸೇವಂತಿಗೆಯಂಥ, ರಾತ್ರಿಯ ಉದ್ದ ನೋಡಿ ಮೊಗ್ಗು ಬಿಡುವ ಗಿಡವಾದರೆ ಹೂವಿನ ಆಸೆ ಬಿಡಬೇಕಾದೀತು. ಇಲ್ಲಿನ ಅಂಗಡಿಯ ಡಿಜಿಟಲ್ ಟೈಮರ್ ಹಾಕಿದರೆ ಈ ತಲೆನೋವಿಲ್ಲ.

ಇನ್ನು ವೈರಿನ ಬಣ್ಣ. ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ನಿನದು ಹಾಕುವಾಗ ಇಲ್ಲೇ ಎಡವುವುದು. ನಮ್ಮ ಹಳೆ ಮನೆಗಳಲ್ಲಿ ಕೆಂಪು ಫೇಸ್ (ಕರೆಂಟು ಬರುವ ತಂತಿ), ಕಪ್ಪು ನ್ಯೂಟ್ರಲ್ (ಮರಳುವ ತಂತಿ), ಹಸಿರು ಅರ್ಥ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಕಪ್ಪಿಗೆ ಕಪ್ಪು ಎಂದು ಜೋಡಿಸಿದರೂ ಲೈಟು ಉರಿಯುತ್ತದೆ, ಅದೇ ಅಪಾಯ. ಲೈಟಿನ ಮೇಲಿನ ಸ್ವಿಚ್ ಆಫ್ ಮಾಡಿದಾಗ ಕಡಿಯುವುದು ನ್ಯೂಟ್ರಲ್, ಒಳಗೆ ಫೇಸ್ ಹಾಗೇ ನಿಂತಿರುತ್ತದೆ. ಬ್ರಿಟನ್, ದುಬೈಯ ಪ್ಲಗ್ಗಿನ ಹೊಟ್ಟೆಯಲ್ಲಿ ಒಂದು ಫ್ಯೂಸ್ ಇರುತ್ತದೆ. ಪ್ಲಗ್ ಕತ್ತರಿಸಿದರೆ ಅದೂ ಹೋಯಿತು, ಆ ಲೈನಿಗೆ 6 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದೆಯೇ ನೋಡಿಕೊಳ್ಳಿ. ಮೈ ಲೋಹದ್ದಾದರೆ ಅರ್ಥ್ ಪಿನ್ ಇಲ್ಲದ ಅಡಾಪ್ಟರ್ ಮುಟ್ಟಲೇಬೇಡಿ.

ಇಷ್ಟಾದರೂ ನನ್ನ ಮಟ್ಟಿಗೆ ದೊಡ್ಡ ಗಂಡಾಂತರ ಹೊರದೇಶದಿಂದ ಬರುವುದಿಲ್ಲ, ನಮ್ಮ ಲೈನಿನಿಂದಲೇ ಬರುತ್ತದೆ. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ದೂರದ, ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ 160 ವೋಲ್ಟ್ ಕಂಡರೆ ಆಶ್ಚರ್ಯವಿಲ್ಲ. ಹಳೆ ಬಲ್ಬು ಮಂಕಾಗಿ ಸುಳಿವು ಕೊಡುತ್ತಿತ್ತು. ಎಲ್‌ಇಡಿ ಡ್ರೈವರ್ ಹಾಗಲ್ಲ, ವೋಲ್ಟೇಜ್ ಇಳಿದಷ್ಟೂ ಕರೆಂಟು ಹೆಚ್ಚು ಎಳೆದು ಬೆಳಕನ್ನು ಹಾಗೇ ಕಾಪಾಡಿಕೊಳ್ಳುತ್ತದೆ. 240 ವ್ಯಾಟಿನದು 230ರಲ್ಲಿ ಒಂದು ಆಂಪಿಯರ್ ಚಿಲ್ಲರೆ, 160ರಲ್ಲಿ ಒಂದೂವರೆ. ಲೈಟು ಚೆನ್ನಾಗಿ ಉರಿಯುತ್ತಿದೆ ಎಂದರೆ ವೋಲ್ಟೇಜ್ ಚೆನ್ನಾಗಿದೆ ಎಂದಲ್ಲ. ಆದರೂ ಇದಕ್ಕೆಂದು ಸ್ಟೆಬಿಲೈಜರ್ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ, 100ರಿಂದ 240ರ ಡ್ರೈವರ್ ಅಷ್ಟನ್ನು ತಡೆದುಕೊಳ್ಳುತ್ತದೆ.

ತಡೆಯಲಾಗದ್ದು ಮೇಲಿನ ಕಡೆ. ಗಾಳಿಮಳೆಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿಯೊಂದೇ ಕಡಿದರೆ ಬೇರೆ ಬೇರೆ ಫೇಸಿನ ಮೇಲಿರುವ ಮನೆಗಳು ಒಂದರ ಮೂಲಕ ಒಂದು ಕರೆಂಟು ಹಂಚಿಕೊಳ್ಳತೊಡಗುತ್ತವೆ. ಲೋಡು ಕಡಿಮೆ ಇರುವ ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. 240ರ ಡ್ರೈವರ್‌ಗಳು ಸಾಮಾನ್ಯವಾಗಿ 264ರ ತನಕ ತಾಳುತ್ತವೆ, ಅದರಾಚೆ ಸುಡುತ್ತವೆ. ಮೂರೂ ಫೇಸ್ ಬಂದಿರುವ ಮನೆಯಲ್ಲಿ ಒಂದು ಕೋಣೆಯ ಬಲ್ಬು ಕಣ್ಣು ಕುಕ್ಕುವಂತೆ ಉರಿದು ಇನ್ನೊಂದು ಕೋಣೆಯದು ಮಿಣುಕುತ್ತಿದ್ದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಕರೆಂಟಿನ ದೂರು ಕೊಡುವ 1912ಕ್ಕೆ ಫೋನ್ ಮಾಡಿ. ಸ್ಟೆಬಿಲೈಜರಿನ ದುಡ್ಡಿನಲ್ಲಿ ವೋಲ್ಟೇಜ್ ಏರಿದಾಗ ತಾನೇ ಕಟ್ ಮಾಡುವ ಸಾಧನವೊಂದನ್ನು ಮೀಟರಿನ ಪಕ್ಕ ಹಾಕಿಸಿಕೊಳ್ಳುವುದು ಮೇಲು.

ಮಳೆಗಾಲದ ತೇವಕ್ಕೆ ಬಂದರೆ, ಡ್ರೈವರನ್ನು ಗಿಡದ ತಟ್ಟೆಯ ಕೆಳಗೆ ಇಡಬೇಡಿ, ಗೋಡೆಗೆ ಎತ್ತರದಲ್ಲಿ ಬಿಗಿಯಿರಿ. ಡ್ರೈವರಿಗೆ ಹೋಗುವ ವೈರು ಅದರ ಬಾಯಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಆಮೇಲೆ ಮೇಲೇರಲಿ, ಆಗ ವೈರಿನ ಗುಂಟ ಇಳಿದ ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಅರ್ಥಿಗೆ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಇರಲಿ. ನಾಲ್ಕೈದು ಲೈಟು ಒಟ್ಟಿಗೆ ಹಾಕಿದಾಗ ಅದು ಸುಮ್ಮಸುಮ್ಮನೆ ಬಿದ್ದರೆ ಬೈಪಾಸ್ ಮಾಡಿಸಬೇಡಿ. ಪ್ರತಿ ಡ್ರೈವರೂ ಅರ್ಥಿಗೆ ಚೂರುಚೂರು ಸೋರುತ್ತದೆ, ಅವೆಲ್ಲ ಸೇರಿದ ಮೇಲೆ ತೇವವೂ ಕೂಡಿಕೊಂಡಿರುತ್ತದೆ. ಲೈಟುಗಳನ್ನು ಬೇರೆ ಬೇರೆ ಆರ್‌ಸಿಸಿಬಿ ಇರುವ ಎರಡು ಸರ್ಕಿಟ್‌ಗೆ ಹಂಚಿ.

ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಓಡಿಸುವುದಾದರೆ ಸೈನ್ ವೇವ್‌ನದೇ ಆಗಲಿ. ನಿಜ ಹೇಳಬೇಕೆಂದರೆ ಓಡಿಸುವುದೇ ಬೇಡ, ಒಂದು ದಿನ ಬೆಳಕಿಲ್ಲದಿದ್ದರೆ ಗಿಡ ಸಾಯುವುದಿಲ್ಲ, ಬ್ಯಾಟರಿ ಸಾಯುತ್ತದೆ.

ಕೊನೆಗೆ ಬಿಲ್ಲು. ಡಬ್ಬದ ಮೇಲೆ ‘1000 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದ ಅಗ್ಗದ ಲೈಟುಗಳಲ್ಲಿ ಅನೇಕವು ನಿಜವಾಗಿ ಎಳೆಯುವುದು ಅದರ ಒಂದು ಸಣ್ಣ ಪಾಲು, ಚೀಟಿಯ ಲೆಕ್ಕ ನಂಬಿ. 240 ವ್ಯಾಟ್ ದಿನಕ್ಕೆ 12 ಗಂಟೆ ಉರಿದರೆ 2.88 ಯೂನಿಟ್, ತಿಂಗಳಿಗೆ 86 ಯೂನಿಟ್ ಮೇಲೆ. ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವುದು 2022–23ರ ನಿಮ್ಮ ತಿಂಗಳ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ (ಹೆಚ್ಚಿನವರಿಗೆ ಶೇಕಡಾ 10) ಮಾತ್ರ. ಅದನ್ನು ದಾಟಿದ ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರಾ ಬಿಲ್ಲು ನಿಮ್ಮದೇ.